ಕೀವ್‌ನ ಬಾಬಿನ್ ಯಾರ್: ಯಹೂದಿಗಳ ನೆನಪಿನ ಜಾಗ ಮಕ್ಕಳು ಆಡುವ ಪಾರ್ಕೂ ಆಗಿರಬಹುದಾ?

ವರದಾತೀರ ಬರೆದದ್ದು:

ಹೋದ ವಾರ ಇಲ್ಲೇ ಯುರೋಪ್ ಪ್ರವಾಸದ ಚರ್ಚೆಯಲ್ಲಿ ಒಬ್ಬರು ಬರೆದಿದ್ದರು: ಕೀವ್‌ನವರಿಗೆ ಮನುಷ್ಯತ್ವವೇ ಇಲ್ಲ, ಸಾವಿರಾರು ಯಹೂದಿಗಳನ್ನು ಕೊಂದ ಜಾಗದಲ್ಲಿ ನಾಯಿ ಹಿಡಿದುಕೊಂಡು ವಾಕಿಂಗ್ ಹೋಗುತ್ತಾರೆ ಅಂತ. ಸುಮಾರು ಜನ ಹೌದು ಹೌದು ಅಂದಿದ್ದರು. ನನಗೆ ಆ ಮಾತು ಸರಿ ಕಾಣಲಿಲ್ಲ. ಎರಡು ಸಾಲಿನಲ್ಲಿ ಉತ್ತರ ಕೊಟ್ಟು ಮುಗಿಸುವ ವಿಷಯವೂ ಅಲ್ಲ. ಅದಕ್ಕೆ ಬೇರೆ ಚರ್ಚೆ ಶುರು ಮಾಡುತ್ತಿದ್ದೇನೆ.

ನಾನು ಮೆಡಿಕಲ್ ಓದಿದ್ದು ಉಕ್ರೇನಿನ ರಾಜಧಾನಿ ಕೀವ್‌ನಲ್ಲಿ. 2022ರಲ್ಲಿ ಯುದ್ಧ ಶುರುವಾದಾಗ ಎಲ್ಲರ ಜೊತೆ ವಾಪಸ್ ಬಂದೆ. ಅಲ್ಲಿದ್ದಷ್ಟು ವರ್ಷ ಡೊರೊಹೊಜಿಚಿ ಮೆಟ್ರೊ ಸ್ಟೇಷನ್ ಕಡೆ ನಮ್ಮ ಓಡಾಟ ಜಾಸ್ತಿ ಇತ್ತು. ಸ್ಟೇಷನ್‌ನಿಂದ ಹೊರಗೆ ಬಂದರೆ ಬಾಬಿನ್ ಯಾರ್ ಪಾರ್ಕು. ದೊಡ್ಡ ಮರಗಳು, ಬೆಂಚು, ಸೈಕಲ್ ಹೊಡೆಯುವ ಹುಡುಗರು, ಪ್ರಾಮ್ ತಳ್ಳಿಕೊಂಡು ಬರುವ ಅಮ್ಮಂದಿರು. ಹಿಮ ಬಿದ್ದರೆ ಇಳಿಜಾರಲ್ಲಿ ಮಕ್ಕಳು ಜಾರುವ ಆಟ ಆಡುತ್ತಾರೆ. ತಲೆ ಎತ್ತಿದರೆ 385 ಮೀಟರ್ ಎತ್ತರದ ಟಿವಿ ಟವರ್. ಏನೂ ಗೊತ್ತಿಲ್ಲದೆ ಹೋದವರಿಗೆ ಇದು ಯಾವ ಊರಿನಲ್ಲೂ ಇರುವಂಥ ಪಾರ್ಕು.

ಆದರೆ ಇಲ್ಲಿ ಮೊದಲು ದೊಡ್ಡದೊಂದು ಕೊರಕಲು ಇತ್ತು. 1941ರ ಸೆಪ್ಟೆಂಬರ್ 29 ಮತ್ತು 30ರಂದು, ಎರಡೇ ದಿನದಲ್ಲಿ, ನಾಜಿಗಳು ಆ ಕೊರಕಲಿನ ಅಂಚಿನಲ್ಲಿ 33,771 ಯಹೂದಿಗಳನ್ನು ಗುಂಡಿಟ್ಟು ಕೊಂದರು. ಈ ಲೆಕ್ಕ ಬೇರೆ ಯಾರೋ ಅಂದಾಜು ಮಾಡಿದ್ದಲ್ಲ. ಕೊಂದವರೇ ಅಕ್ಟೋಬರ್ 2ರ ತಮ್ಮ ವರದಿಯಲ್ಲಿ ಬರೆದು ಬರ್ಲಿನ್‌ಗೆ ಕಳಿಸಿದ ಅಂಕಿ. ಆಮೇಲೆ ಎರಡು ವರ್ಷ ಅದೇ ಜಾಗದಲ್ಲಿ ಕೊಲ್ಲುವುದು ನಡೆದೇ ಇತ್ತು. ಒಟ್ಟು 70 ಸಾವಿರದಿಂದ ಒಂದು ಲಕ್ಷ ಜನ ಅಂತ ಇತಿಹಾಸಕಾರರು ಹೇಳುತ್ತಾರೆ.

ನನ್ನ ಮಾತು ಇಷ್ಟೇ. ಅಲ್ಲಿ ಜನ ನಡೆದಾಡುವುದು ತಪ್ಪಲ್ಲ. ಅಲ್ಲಿ ಸತ್ತವರು ಯಾರು, ಯಾಕೆ ಸತ್ತರು ಅಂತ ಹೇಳದೆ ಎಷ್ಟೋ ವರ್ಷ ಮುಚ್ಚಿಟ್ಟರಲ್ಲ, ಅದು ತಪ್ಪು. ನೀವೆಲ್ಲ ಏನು ಹೇಳುತ್ತೀರಿ?


ಕಡಲಕರೆ ಬರೆದದ್ದು:

ಮೇಡಂ, ಆ ಮಾತು ಬರೆದವರಲ್ಲಿ ನಾನೂ ಒಬ್ಬ. ಈಗಲೂ ಅದನ್ನೇ ಹೇಳುತ್ತೇನೆ. ಅದು ಸ್ಮಶಾನ. ಸ್ಮಶಾನಕ್ಕೆ ಬೇಲಿ ಇರಬೇಕು. ಒಳಗೆ ಹೋಗುವವರು ತಲೆ ತಗ್ಗಿಸಿ ಹೋಗಬೇಕು. ಐಸ್‌ಕ್ರೀಮ್ ತಿಂದುಕೊಂಡು ಹೋಗುವ ಜಾಗ ಅಲ್ಲ. ಸತ್ತವರ ಮನೆಯವರು ಇನ್ನೂ ಬದುಕಿದ್ದಾರೆ. ಅವರು ಇಸ್ರೇಲಿನಿಂದಲೋ ಅಮೆರಿಕದಿಂದಲೋ ಬಂದು ಅಜ್ಜಿಗೆ ಒಂದು ಪ್ರಾರ್ಥನೆ ಹೇಳೋಣ ಅಂತ ನಿಂತಾಗ ಪಕ್ಕದಲ್ಲಿ ಚೆಂಡಾಟ ನಡೆಯುತ್ತಿದ್ದರೆ ಅವರಿಗೆ ಏನನ್ನಿಸಬೇಡ?


ಶಾಲ್ಮಲಾ ಬರೆದದ್ದು:

ಒಂದು ಪ್ರಶ್ನೆ. ಇದನ್ನು ಓದಿದಾಗಲೆಲ್ಲ ಕಾಡುವುದು. ಅಷ್ಟು ಸಾವಿರ ಜನ ತಾವಾಗಿಯೇ ನಡೆದುಕೊಂಡು ಹೋದರಂತಲ್ಲ, ಯಾಕೆ? ಯಾರಿಗೂ ಅನುಮಾನ ಬರಲಿಲ್ವಾ?


ಇತಿಹಾಸ ಮೇಷ್ಟ್ರು ಬರೆದದ್ದು:

ಶಾಲ್ಮಲಾ ಅವರೇ, ನನ್ನ ವಿದ್ಯಾರ್ಥಿಗಳೂ ಇದನ್ನೇ ಕೇಳುತ್ತಾರೆ. ಸ್ವಲ್ಪ ಉದ್ದ ಬರೆಯುತ್ತೇನೆ.

ಜರ್ಮನ್ ಸೈನ್ಯ ಕೀವ್‌ಗೆ ನುಗ್ಗಿದ್ದು ಸೆಪ್ಟೆಂಬರ್ 19ಕ್ಕೆ. ಊರು ಬಿಟ್ಟು ಹೋಗುವ ಮುಂಚೆ, ಅಲ್ಲಿವರೆಗೆ ಅಲ್ಲಿ ಆಳುತ್ತಿದ್ದ ಸೋವಿಯತ್‌ನವರು ಮುಖ್ಯ ಬೀದಿ ಕ್ರೆಶ್ಚಾತಿಕ್‌ನ ಕಟ್ಟಡಗಳಲ್ಲಿ ಸ್ಫೋಟಕ ಇಟ್ಟಿದ್ದರು. 24ರಿಂದ ಅವು ಒಂದೊಂದಾಗಿ ಸಿಡಿದವು. ಜರ್ಮನ್ ಅಧಿಕಾರಿಗಳೂ ಸತ್ತರು, ಬೀದಿಗೆ ಬೀದಿಯೇ ಸುಟ್ಟುಹೋಯಿತು. ಜರ್ಮನ್ನರು ಅದರ ಹೊಣೆಯನ್ನು ಯಹೂದಿಗಳ ತಲೆಗೆ ಕಟ್ಟಿದರು. ಬೆಂಕಿ ಬೀಳದಿದ್ದರೂ ಕೊಲ್ಲುತ್ತಿದ್ದರು ಅನ್ನುವುದು ಬೇರೆ ಮಾತು. ಕೀವ್‌ಗೆ ಬರುವ ಮುಂಚೆಯೇ ದಾರಿಯುದ್ದಕ್ಕೂ ಊರೂರಲ್ಲಿ ಯಹೂದಿಗಳನ್ನು ಕೊಂದುಕೊಂಡೇ ಬಂದಿದ್ದರು.

28ಕ್ಕೆ ಗೋಡೆಗಳ ಮೇಲೆ ನೋಟಿಸ್ ಅಂಟಿಸಿದರು. ರಷ್ಯನ್, ಉಕ್ರೇನಿಯನ್, ಜರ್ಮನ್ ಮೂರೂ ಭಾಷೆಯಲ್ಲಿ. ಕೀವ್ ಮತ್ತು ಸುತ್ತಮುತ್ತಲಿನ ಎಲ್ಲ ಯಹೂದಿಗಳು ಸೋಮವಾರ ಬೆಳಿಗ್ಗೆ 8ಕ್ಕೆ ಸ್ಮಶಾನದ ಹತ್ತಿರದ ಮೂಲೆಗೆ ಬರಬೇಕು. ದಾಖಲೆ, ಹಣ, ಒಡವೆ ತರಬೇಕು. ಬೆಚ್ಚನೆ ಬಟ್ಟೆ, ಒಳ ಉಡುಪು ತರಬೇಕು. ಬರದವರನ್ನು ಗುಂಡಿಟ್ಟು ಕೊಲ್ಲಲಾಗುವುದು.

ಈಗ ಆ ಬೆಚ್ಚನೆ ಬಟ್ಟೆಯ ಮಾತನ್ನು ಗಮನಿಸಿ. ಕೊಲ್ಲುವವರು ಸ್ವೆಟರ್ ತನ್ನಿ ಅನ್ನುತ್ತಾರಾ? ಅಲ್ಲೇ ಹತ್ತಿರದಲ್ಲಿ ಲುಕ್ಯಾನಿವ್ಕಾ ಗೂಡ್ಸ್ ಸ್ಟೇಷನ್ ಇತ್ತು. ರೈಲು ಹತ್ತಿಸಿ ಬೇರೆ ಕಡೆ ಕಳಿಸುತ್ತಾರೆ ಅಂತಲೇ ಜನ ನಂಬಿದರು. ಮೊದಲನೇ ಮಹಾಯುದ್ಧದ ಕೊನೆಯಲ್ಲಿ, 1918ರಲ್ಲಿ, ಜರ್ಮನ್ನರು ಕೀವ್‌ನಲ್ಲಿದ್ದಾಗ ಹೀಗೆಲ್ಲ ನಡೆದುಕೊಂಡಿರಲಿಲ್ಲ. ವಯಸ್ಸಾದವರಿಗೆ ಆ ನೆನಪಿತ್ತು. ಇನ್ನೊಂದು, 1939ರಲ್ಲಿ ಕೀವ್‌ನಲ್ಲಿ ಎರಡು ಲಕ್ಷಕ್ಕೂ ಜಾಸ್ತಿ ಯಹೂದಿಗಳಿದ್ದರು. ಗಂಡಸರು ಸೈನ್ಯಕ್ಕೆ ಹೋಗಿದ್ದರು, ಅನುಕೂಲ ಇದ್ದವರು ಪೂರ್ವದ ಕಡೆ ಊರು ಬಿಟ್ಟಿದ್ದರು. ಉಳಿದವರಲ್ಲಿ ಮುದುಕರು, ಹೆಂಗಸರು, ಮಕ್ಕಳು, ಕಾಯಿಲೆಯವರೇ ಜಾಸ್ತಿ. ಇವರು ಎಲ್ಲಿಗೆ ಓಡಬೇಕಿತ್ತು? ಯೋಮ್ ಕಿಪ್ಪುರ್ ಅನ್ನುವ ಅವರ ದೊಡ್ಡ ಉಪವಾಸದ ದಿನಕ್ಕೆ ಎರಡೇ ದಿನ ಬಾಕಿ ಇತ್ತು.

ಜನ ಮಕ್ಕಳನ್ನು ಎತ್ತಿಕೊಂಡು, ಗಂಟುಮೂಟೆ ಹೊತ್ತುಕೊಂಡು ಮೆಲ್ನಿಕೊವಾ ಬೀದಿಯಲ್ಲಿ ನಡೆದರು. ಒಂದು ಕಡೆ ಸಾಮಾನು ಇಡಿಸಿಕೊಂಡರು. ಮುಂದೆ ಹೋದರೆ ಎರಡೂ ಬದಿ ಸೈನಿಕರ ಸಾಲು, ದೊಣ್ಣೆ ಏಟು, ನಾಯಿಗಳು. ಅದರಾಚೆ ಬಟ್ಟೆ ಬಿಚ್ಚಿಸಿದರು. ಆಮೇಲೆ ಕೊರಕಲು. ಗುಂಡಿನ ಸದ್ದು ಕೇಳಿಸುವಷ್ಟು ಹತ್ತಿರ ಬರುವ ಹೊತ್ತಿಗೆ ಹಿಂದೆ ತಿರುಗಲು ದಾರಿ ಇರಲಿಲ್ಲ.

ಇದೆಲ್ಲ ನಮಗೆ ಗೊತ್ತಾಗಿದ್ದು ಬದುಕುಳಿದ ಕೆಲವರಿಂದ. ಅವರಲ್ಲಿ ದೀನಾ ಪ್ರೊನಿಚೇವಾ ಮುಖ್ಯ. ಕೀವ್‌ನ ಬೊಂಬೆಯಾಟದ ರಂಗಮಂದಿರದಲ್ಲಿ ನಟಿ. ಗುಂಡು ತಾಗುವ ಮುಂಚೆಯೇ ಹೆಣಗಳ ಮೇಲೆ ಹಾರಿದರು. ಸತ್ತವರ ಹಾಗೆ ಬಿದ್ದುಕೊಂಡರು. ಮೇಲೆ ಮಣ್ಣು ಎಳೆದ ಮೇಲೂ ಸುಮ್ನೆ ಇದ್ದು ಕತ್ತಲಲ್ಲಿ ಹತ್ತಿ ಹೊರಗೆ ಬಂದರು. ಅಪ್ಪ, ಅಮ್ಮ, ತಂಗಿ ಅಲ್ಲೇ ಹೋದರು. 1946ರಲ್ಲಿ ಕೀವ್‌ನಲ್ಲಿ ವಿಚಾರಣೆ ನಡೆದಾಗ ಕೋರ್ಟಿಗೆ ಬಂದು ಎಲ್ಲ ಹೇಳಿದರು.


ಶಾಲ್ಮಲಾ ಬರೆದದ್ದು:

ಓದಿ ಸ್ವಲ್ಪ ಹೊತ್ತು ಏನೂ ತೋಚಲಿಲ್ಲ. ಧನ್ಯವಾದ ಮೇಷ್ಟ್ರೇ.


ಇತಿಹಾಸ ಮೇಷ್ಟ್ರು ಬರೆದದ್ದು:

ಈಗ ವರದಾತೀರ ಅವರ ಮಾತಿಗೆ ಬರುತ್ತೇನೆ. ಪಾರ್ಕ್ ಇದ್ದರೆ ತಪ್ಪಿಲ್ಲ ಅಂದಿರಿ. ಆದರೆ ಆ ಪಾರ್ಕ್ ಯಾಕೆ ಹುಟ್ಟಿತು ಅಂತ ನೋಡಬೇಕಲ್ವಾ? 1950ರ ದಶಕದಲ್ಲಿ ಕೀವ್‌ನ ಆಡಳಿತ ಮಾಡಿದ ಯೋಜನೆ ಏನು? ಕೊರಕಲನ್ನು ಮುಚ್ಚಿ ಪಾರ್ಕು, ಆಟದ ಮೈದಾನ ಮಾಡುವುದು. ವಿಕ್ಟರ್ ನೆಕ್ರಾಸೊವ್ ಅನ್ನುವ ಕೀವ್‌ನ ಲೇಖಕ, ಸ್ವತಃ ಸ್ಟಾಲಿನ್‌ಗ್ರಾಡ್‌ನಲ್ಲಿ ಹೋರಾಡಿದವರು, 1959ರಲ್ಲಿ ಪತ್ರಿಕೆಯಲ್ಲಿ ಬಹಿರಂಗವಾಗಿ ಕೇಳಿದರು: ಇಷ್ಟು ದೊಡ್ಡ ದುರಂತ ನಡೆದ ಜಾಗವನ್ನು ಮುಚ್ಚಿ ಅದರ ಮೇಲೆ ಫುಟ್ಬಾಲ್ ಆಡುವ ಯೋಚನೆ ಯಾರಿಗೆ ಬಂತು? ಅಂದರೆ ಪಾರ್ಕು ಅಲ್ಲಿ ಮರೆಸುವುದಕ್ಕೆ ಬಳಸಿದ ಉಪಾಯ. ಕಡಲಕರೆಯವರ ಸಿಟ್ಟಿನಲ್ಲಿ ಅರ್ಥ ಇದೆ.


ಹೇಮಾವತಿ ನಾಲೆ ಬರೆದದ್ದು:

ನಾನು ನೀರಾವರಿ ಕೆಲಸದಲ್ಲಿ ಇಡೀ ಜೀವನ ಕಳೆದವನು. ಮೇಷ್ಟ್ರು ಹೇಳಿದ ಆ ಮುಚ್ಚುವ ಕೆಲಸದ ಬಗ್ಗೆ ನಾನೊಂದಿಷ್ಟು ಹೇಳಬೇಕು. ಯಾಕೆಂದರೆ ಅದು ಕೂಡ ಜನರನ್ನು ಕೊಂದಿತು.

ಕೊರಕಲಿನ ಪಕ್ಕದಲ್ಲಿ ಇಟ್ಟಿಗೆ ಕಾರ್ಖಾನೆಗಳಿದ್ದವು. ಅವು ಅಗೆದು ಬಿಸಾಡುವ ಜೇಡಿ, ಮರಳನ್ನು ನೀರಿನಲ್ಲಿ ಕಲಸಿ ರಾಡಿ ಮಾಡಿ ಪೈಪಿನಲ್ಲಿ ಕೊರಕಲಿಗೆ ಬಿಡುವುದು. ಬಾಯಿಗೆ ಮಣ್ಣಿನ ಏರಿ ಕಟ್ಟುವುದು. ಮಣ್ಣು ತಳಕ್ಕೆ ಕೂರಬೇಕು, ನೀರು ಬಸಿದು ಹೋಗಬೇಕು. ಲಾರಿಯಲ್ಲಿ ಮಣ್ಣು ಹೊಡೆಯುವುದಕ್ಕಿಂತ ಇದು ಅಗ್ಗ. ಆದರೆ ಜೇಡಿ ನೀರನ್ನು ಬೇಗ ಬಿಡುವುದಿಲ್ಲ, ಇದು ನಮ್ಮ ಕೆಲಸದಲ್ಲಿ ಎಲ್ಲರಿಗೂ ಗೊತ್ತು. ಬಸಿಯುವ ವ್ಯವಸ್ಥೆ ಗಟ್ಟಿ ಇಲ್ಲದಿದ್ದರೆ ವರ್ಷ ಕಳೆದರೂ ಅದು ನೆಲ ಆಗುವುದಿಲ್ಲ, ಕೆಸರಾಗಿಯೇ ನಿಂತಿರುತ್ತದೆ. ಏರಿಯೂ ಬರೀ ಮಣ್ಣಿನದು. ಸುಮಾರು ಹತ್ತು ವರ್ಷ ಹೀಗೆ ತುಂಬಿದರು.

1961ರ ಮಾರ್ಚ್ 13ರ ಬೆಳಿಗ್ಗೆ, ಹಿಮ ಕರಗುವ ಕಾಲ, ಏರಿ ಒಡೆಯಿತು. ರಾಡಿ ಕೆಳಗಿನ ಕುರೆನಿವ್ಕಾ ಬಡಾವಣೆಗೆ ನುಗ್ಗಿತು. ಮನೆ, ಟ್ರಾಮ್, ಬಸ್ಸು ಎಲ್ಲ ಕೊಚ್ಚಿಕೊಂಡು ಹೋಯಿತು. ಟ್ರಾಮ್ ಡಿಪೊ ಮುಳುಗಿತು. ಸರ್ಕಾರದ ಲೆಕ್ಕದಲ್ಲಿ 145 ಸಾವು. ಆಮೇಲೆ ಕೆದಕಿ ನೋಡಿದ ಸಂಶೋಧಕರು ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ, ಸಾವಿರದೈನೂರರವರೆಗೂ ಹೇಳುತ್ತಾರೆ. ಆಗ ಪತ್ರಿಕೆಗಳಲ್ಲಿ ಸರಿಯಾಗಿ ಸುದ್ದಿಯೇ ಬರದ ಹಾಗೆ ನೋಡಿಕೊಂಡರು.

ಅಷ್ಟಾದ ಮೇಲೂ ತುಂಬುವುದನ್ನು ಬಿಡಲಿಲ್ಲ. ಮತ್ತೆ ತುಂಬಿದರು, ಮೇಲೆ ರಸ್ತೆ ಮಾಡಿದರು, ಮನೆ ಕಟ್ಟಿದರು, ಪಾರ್ಕ್ ಮಾಡಿದರು. ಈಗ ಕಾಣುವ ಆ ಸಮತಟ್ಟು ನೆಲ ಹೀಗೆ ಬಂದದ್ದು. ಏರಿಯ ಕೆಳಗೆ ಊರಿದೆ ಅಂತ ಗೊತ್ತಿದ್ದೂ ಹೀಗೆ ಮಾಡಿದರಲ್ಲ, ಒಬ್ಬ ಇಂಜಿನಿಯರ್ ಆಗಿ ನನಗೆ ಇದು ಕ್ಷಮಿಸುವ ವಿಷಯ ಅಲ್ಲ.


ವರದಾತೀರ ಬರೆದದ್ದು:

ಹೇಮಾವತಿ ನಾಲೆ ಸರ್, ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್. ಪಕ್ಕದ ಲುಕ್ಯಾನಿವ್ಕಾದ ಯಹೂದಿ ಸ್ಮಶಾನಕ್ಕೂ ಇದೇ ಗತಿ ಆಯಿತು. 1960ರ ದಶಕದಲ್ಲಿ ಅದನ್ನು ಮುಚ್ಚಿ, ಗೋರಿಗಳನ್ನು ನೆಲಸಮ ಮಾಡಿದರು. ಆ ಕಡೆಯೇ ಟಿವಿ ಕೇಂದ್ರ, ಕ್ರೀಡಾ ಕಟ್ಟಡ ಬಂದವು. ಅದಕ್ಕೂ ಮುಂಚೆ ಜರ್ಮನ್ನರು ಆ ಸ್ಮಶಾನಕ್ಕೆ ಇನ್ನೊಂದು ಕೇಡು ಮಾಡಿದ್ದರು. 1943ರ ಆಗಸ್ಟ್‌ನಲ್ಲಿ ಸೋವಿಯತ್‌ನ ಕೆಂಪು ಸೈನ್ಯ ಹತ್ತಿರ ಬರುತ್ತಿದೆ ಅಂತ ಗೊತ್ತಾದಾಗ, ಪಕ್ಕದ ಸಿರೆತ್ಸ್ ಶಿಬಿರದ ಕೈದಿಗಳ ಕಾಲಿಗೆ ಸರಪಳಿ ಹಾಕಿ, ಹೂತ ಹೆಣಗಳನ್ನು ಅಗೆಸಿ ಸುಡಿಸಿದರು. ಒಟ್ಟಿದ ಚಿತೆಗಳಿಗೆ ಅಡಿಪಾಯ ಆಗಿದ್ದು ಆ ಸ್ಮಶಾನದಿಂದ ಕಿತ್ತು ತಂದ ಗೋರಿಕಲ್ಲು ಮತ್ತು ಕಬ್ಬಿಣದ ಬೇಲಿ. ಈ ಕೆಲಸ ಮಾಡಿಸಿದ್ದು ಪೌಲ್ ಬ್ಲೋಬೆಲ್. 1941ರಲ್ಲಿ ಕೊಲ್ಲಿಸಿದ ತಂಡದ ಮುಖ್ಯಸ್ಥನೂ ಅವನೇ. ಕೆಲಸ ಮುಗಿದ ಮೇಲೆ ತಮ್ಮನ್ನೂ ಕೊಲ್ಲುತ್ತಾರೆ ಅಂತ ಕೈದಿಗಳಿಗೆ ಗೊತ್ತಿತ್ತು. ಸೆಪ್ಟೆಂಬರ್ 29ರ ಬೆಳಗಿನ ಜಾವ ಸರಪಳಿ ಬಿಡಿಸಿಕೊಂಡು ಒಟ್ಟಿಗೆ ನುಗ್ಗಿದರು. ಮುನ್ನೂರಕ್ಕೂ ಜಾಸ್ತಿ ಜನರಲ್ಲಿ ಬದುಕಿ ಉಳಿದವರು ಇಪ್ಪತ್ತೂ ಇಲ್ಲ. ಬ್ಲೋಬೆಲ್‌ನನ್ನು 1951ರಲ್ಲಿ ಗಲ್ಲಿಗೇರಿಸಿದರು.

ಮೇಷ್ಟ್ರೇ, ನೀವು ಹೇಳಿದ್ದು ನಿಜ, ಆಗ ಪಾರ್ಕು ನೆನಪಿನ ಬದಲಿಗೆ ಬಂದದ್ದು. ಆದರೆ ನೆಕ್ರಾಸೊವ್ ಪತ್ರ ಬರೆದು ಸುಮ್ಮನಾಗಲಿಲ್ಲ. 1966ರ ಸೆಪ್ಟೆಂಬರ್ 29ಕ್ಕೆ 25 ವರ್ಷ ಆಯಿತು ಅಂತ ಜನ ಅಪ್ಪಣೆ ಇಲ್ಲದೆ ಅಲ್ಲಿ ಸೇರಿದರು. ನೆಕ್ರಾಸೊವ್ ಮಾತಾಡಿದರು. ಇವಾನ್ ಜ್ಯೂಬಾ ಅನ್ನುವ ಉಕ್ರೇನಿನ ವಿಮರ್ಶಕರೂ ಮಾತಾಡಿದರು. ಇದು ಇಡೀ ಮನುಷ್ಯಕುಲದ ದುರಂತ, ಆದರೆ ನಡೆದದ್ದು ಉಕ್ರೇನಿನ ನೆಲದಲ್ಲಿ, ಅದಕ್ಕೆ ಉಕ್ರೇನಿನವರಿಗೂ ಮರೆಯುವ ಹಕ್ಕಿಲ್ಲ ಅನ್ನುವುದು ಅವರ ಮಾತಿನ ಸಾರ. ಮುಂದೆ ಜ್ಯೂಬಾ ಜೈಲಿಗೆ ಹೋದರು, ನೆಕ್ರಾಸೊವ್ ದೇಶ ಬಿಡಬೇಕಾಯಿತು. ಆ ಪಾಳು ಜಾಗಕ್ಕೆ ಕೈಯಲ್ಲಿ ಹೂ ಹಿಡಿದು ಬಂದ ಜನರಿಂದಲೇ ಅದು ನೆನಪಿನ ಜಾಗ ಆದದ್ದು. ಬೇಲಿ ಹಾಕಿದ್ದರೆ ಬರುವುದಕ್ಕೇ ಆಗುತ್ತಿರಲಿಲ್ಲ.


ಮಂಜಿನ ಮಡಿಕೇರಿ ಬರೆದದ್ದು:

1976ರಲ್ಲಿ ಸೋವಿಯತ್ ಸರ್ಕಾರವೇ ದೊಡ್ಡ ಸ್ಮಾರಕ ಕಟ್ಟಿತಲ್ಲ? ಮರೆಸಬೇಕು ಅಂತಿದ್ದರೆ ಯಾಕೆ ಕಟ್ಟುತ್ತಿದ್ದರು?


ಇತಿಹಾಸ ಮೇಷ್ಟ್ರು ಬರೆದದ್ದು:

ಕಟ್ಟಿದರು. ಕಂಚಿನ ದೊಡ್ಡ ಗುಂಪು ಶಿಲ್ಪ. ಸೈನಿಕ, ನಾವಿಕ, ಕಮ್ಯುನಿಸ್ಟ್ ಹೋರಾಟಗಾರ, ತಾಯಿ. ಕೆಳಗೆ ಬರೆದದ್ದು: ಕೀವ್‌ನ ನಾಗರಿಕರು ಮತ್ತು ಯುದ್ಧಕೈದಿಗಳು. ಯಹೂದಿ ಅನ್ನುವ ಪದವೇ ಇಲ್ಲ. 1944ರಲ್ಲೇ ಸರ್ಕಾರಿ ತನಿಖಾ ಆಯೋಗದ ಕರಡಿನಲ್ಲಿ ಯಹೂದಿಗಳು ಅಂತ ಇದ್ದದ್ದನ್ನು ತಿದ್ದಿ ಶಾಂತಿಯುತ ಸೋವಿಯತ್ ನಾಗರಿಕರು ಅಂತ ಮಾಡಿದ್ದರು. ಅದೇ ಧೋರಣೆ ಕಲ್ಲಿಗೂ ಇಳಿಯಿತು. ಸತ್ತವರನ್ನು ಬೇರೆ ಬೇರೆ ಮಾಡಬಾರದು ಅನ್ನುವುದು ಅವರ ವಾದ. ಕೊಲ್ಲುವವರು ಮಾತ್ರ ಬೇರೆ ಮಾಡಿಯೇ ಕರೆಸಿದ್ದರು, ನೋಟಿಸ್‌ನಲ್ಲಿ ಎಲ್ಲ ಯಹೂದಿಗಳು ಅಂತ ಸ್ಪಷ್ಟವಾಗಿ ಬರೆದಿತ್ತು.


ವರದಾತೀರ ಬರೆದದ್ದು:

ಯಹೂದಿಗಳ ಹೆಸರಲ್ಲಿ ಸ್ಮಾರಕ ಬಂದದ್ದು 1991ರಲ್ಲಿ, ಐವತ್ತು ವರ್ಷಕ್ಕೆ ಸರಿಯಾಗಿ. ಮೆನೋರಾ, ಅಂದರೆ ಅವರ ಏಳು ಕವಲಿನ ದೀಪಸ್ತಂಭ. ಕಂಚಿನದು. ಹಳೆಯ ಕಂಚಿನ ಗುಂಪು ಶಿಲ್ಪದ ಹತ್ತಿರ ಅಲ್ಲ, ಪಾರ್ಕಿನ ಇನ್ನೊಂದು ಕಡೆ, ಜನ ನಡೆದುಹೋದ ದಾರಿಯ ಕಡೆ ಇದೆ. ಯಹೂದಿಗಳು ಸಮಾಧಿಗೆ ಹೂವಿಗಿಂತ ಜಾಸ್ತಿ ಕಲ್ಲು ಇಡುತ್ತಾರೆ. ಮೆನೋರಾದ ಬುಡದಲ್ಲಿ ಸಣ್ಣ ಸಣ್ಣ ಕಲ್ಲುಗಳಿರುತ್ತವೆ, ಕೆಲವು ನುಣ್ಣಗಿನ ಬೆಣಚುಕಲ್ಲು, ಕೆಲವು ಬರೀ ಜಲ್ಲಿ. ಪಕ್ಕದಲ್ಲಿ ಗಾಜಿನ ಲೋಟದಲ್ಲಿ ಹಚ್ಚಿಟ್ಟ ಮೇಣದಬತ್ತಿ.

ಮೆಟ್ರೊ ಬಾಗಿಲಿಗೆ ಹತ್ತಿರ 2001ರಲ್ಲಿ ಮಾಡಿದ ಮಕ್ಕಳ ಸ್ಮಾರಕ ಇದೆ. ಮುರಿದ ಗೊಂಬೆಗಳ ಹಾಗಿರುವ ಮೂರು ಕಂಚಿನ ಆಕೃತಿ. ಎತ್ತರವೂ ಜಾಸ್ತಿ ಇಲ್ಲ. ಅಲ್ಲಿಗೆ ಬರುವ ಮಕ್ಕಳು ಅದನ್ನು ಮೊದಲು ಗೊಂಬೆ ಅಂತಲೇ ನೋಡುತ್ತಾರೆ, ಆಮೇಲೆ ಅಮ್ಮನ ಹತ್ತಿರ ಏನಿದು ಅಂತ ಕೇಳುತ್ತಾರೆ. ಅಮ್ಮ ಏನಾದರೂ ಹೇಳಲೇಬೇಕಾಗುತ್ತದೆ. ಕಡಲಕರೆ ಸರ್, ಬೇಲಿಯೊಳಗಿನ ಸ್ಮಾರಕಕ್ಕೆ ಈ ಮಗು ಬರುವುದೇ ಇಲ್ಲ. ನಾನು ಪಾರ್ಕಿನ ಪರ ಮಾತಾಡುವುದು ಇದಕ್ಕೇ.


ಕಡಲಕರೆ ಬರೆದದ್ದು:

ನೀವು ಒಳ್ಳೆಯ ಅಮ್ಮನ ಬಗ್ಗೆ ಹೇಳಿದಿರಿ. ನಾನು ಬಿಯರ್ ಬಾಟಲಿ ಬಿಸಾಡುವ ಹುಡುಗರ ಬಗ್ಗೆ ಹೇಳುತ್ತಿದ್ದೇನೆ. ಆ ಮೆನೋರಾಗೆ ಬೆಂಕಿ ಹಚ್ಚಲು, ಹಾಳು ಮಾಡಲು ಎಷ್ಟೋ ಸಲ ಪ್ರಯತ್ನ ಆಗಿದೆ. ತೆರೆದ ಪಾರ್ಕಲ್ಲಿ ರಾತ್ರಿ ಹೊತ್ತು ಯಾರು ಕಾಯುತ್ತಾರೆ? ಕನಿಷ್ಠ ಮೆನೋರಾ ಇರುವ ಭಾಗಕ್ಕಾದರೂ ಕಾವಲು ಬೇಕು. ನಡೆಯಲಿ, ಕೂರಲಿ, ಅದಕ್ಕೊಂದು ಮಿತಿ ಬೇಡವಾ?


ವಿಸ್ತುಲಾ ಕನ್ನಡಿಗ ಬರೆದದ್ದು:

ನಾನು ಪೋಲೆಂಡ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಇಲ್ಲಿಯ ವೂಚ್ ನಗರದಲ್ಲಿ ಬದುಕುಳಿದವರ ಪಾರ್ಕ್ ಅಂತಲೇ ಒಂದಿದೆ. ಜರ್ಮನ್ನರು ಆ ಊರಿನ ಯಹೂದಿಗಳನ್ನು ಗೆಟ್ಟೊ ಅನ್ನುವ ಮುಚ್ಚಿದ ಕೇರಿಯೊಳಗೆ ಕೂಡಿಹಾಕಿ, 1944ರ ಆಗಸ್ಟ್‌ನಲ್ಲಿ ಉಳಿದವರನ್ನೆಲ್ಲ ರೈಲಿನಲ್ಲಿ ಸಾವಿನ ಶಿಬಿರವಾದ ಔಶ್ವಿಟ್ಜ್‌ಗೆ ಸಾಗಿಸಿ ಗೆಟ್ಟೊ ಖಾಲಿ ಮಾಡಿದರು. ಅದಾಗಿ 60 ವರ್ಷ ತುಂಬಿದಾಗ, 2004ರಲ್ಲಿ, ಬದುಕುಳಿದವರೇ ಬಂದು ತಮ್ಮ ತಮ್ಮ ಹೆಸರಲ್ಲಿ ಗಿಡ ನೆಟ್ಟರು. ಅದನ್ನು ಯೋಚಿಸಿದವರೂ ಆ ಗೆಟ್ಟೊದಿಂದ ಉಳಿದು ಬಂದ ಒಬ್ಬ ಹೆಂಗಸು, ಹಲೀನಾ ಎಲ್ಚೆವ್ಸ್ಕಾ. ಈಗ ಅವು ಒಳ್ಳೆ ಎತ್ತರದ ಮರಗಳು. ಭಾನುವಾರ ಜನ ಬರುತ್ತಾರೆ, ಹುಲ್ಲಿನ ಮೇಲೆ ಕೂತು ಊಟ ಮಾಡುತ್ತಾರೆ. ಅಲ್ಲಿ ಯಾರಿಗೂ ಅದು ತಪ್ಪು ಅನ್ನಿಸುವುದಿಲ್ಲ. ಯಾಕೆಂದರೆ ಪಾರ್ಕ್ ಬೇಕು ಅಂದವರು ನೊಂದವರೇ. ಕೀವ್‌ನಲ್ಲಿ ಅವರನ್ನು ಯಾರೂ ಕೇಳಲೇ ಇಲ್ಲ. ಇಬ್ಬರ ವಾದಕ್ಕೂ ಇದನ್ನು ಸೇರಿಸಿ ಯೋಚನೆ ಮಾಡಿ.


ಇತಿಹಾಸ ಮೇಷ್ಟ್ರು ಬರೆದದ್ದು:

ಒಳ್ಳೆಯ ಮಾತು. ಯಾರು ಕೇಳಿದರು, ಯಾರನ್ನು ಕೇಳಿ ಮಾಡಿದರು ಅನ್ನುವುದೇ ಮುಖ್ಯ.


ಮಂಜಿನ ಮಡಿಕೇರಿ ಬರೆದದ್ದು:

ಇನ್ನೊಂದು ಸಂದೇಹ. ಅಲ್ಲಿ ರೋಮಾ (ಜಿಪ್ಸಿ) ಜನ, ಮಾನಸಿಕ ಆಸ್ಪತ್ರೆಯ ರೋಗಿಗಳು, ಯುದ್ಧಕೈದಿಗಳು, ಉಕ್ರೇನಿನ ರಾಷ್ಟ್ರವಾದಿಗಳು ಎಲ್ಲರೂ ಸತ್ತಿದ್ದಾರೆ. ಹಾಗಿದ್ದ ಮೇಲೆ ಯಹೂದಿಗಳ ನೆನಪಿನ ಜಾಗ ಅಂತ ಯಾಕೆ ಹೇಳಬೇಕು?


ವರದಾತೀರ ಬರೆದದ್ದು:

ಎಲ್ಲರಿಗೂ ಅಲ್ಲಿ ಗುರುತು ಇದೆ, ಇರಲೇಬೇಕು. ರೋಮಾ ಜನರಿಗೆ ಅವರ ಬಂಡಿಯ ರೂಪದ ಸ್ಮಾರಕ ಇದೆ. 1942ರಲ್ಲಿ ಜರ್ಮನ್ನರ ಕೈಯಲ್ಲಿ ಸತ್ತ ಕವಿ ಒಲೆನಾ ತೆಲಿಹಾ ಅವರ ಪ್ರತಿಮೆ ಇದೆ. ಪಾವ್ಲೊವ್ ಆಸ್ಪತ್ರೆಯ ರೋಗಿಗಳನ್ನು ಕೊಂದದ್ದು ಡಾಕ್ಟರ್ ಆಗಿ ನನಗೆ ಯಾವತ್ತೂ ಅರಗದ ವಿಷಯ.

ಆದರೆ ಒಂದು ಜನಾಂಗದಲ್ಲಿ ಹುಟ್ಟಿದ್ದಕ್ಕೇ, ಎದೆಹಾಲು ಕುಡಿಯುವ ಕೂಸನ್ನೂ ಬಿಡದೆ, ಊರಿಗೆ ಊರನ್ನೇ ಕರೆಸಿ ಕೊಂದದ್ದು ಆ ಎರಡು ದಿನ. ಬಾಬಿನ್ ಯಾರ್ ಹೆಸರು ಜಗತ್ತಿಗೆ ಗೊತ್ತಾಗಿದ್ದು ಅದರಿಂದ. ಇನ್ನೊಂದು ಕಹಿ ವಿಷಯವನ್ನೂ ಹೇಳಬೇಕು. ಜನರನ್ನು ಸಾಲಿನಲ್ಲಿ ನಡೆಸಲು, ಬಟ್ಟೆ ಬಿಚ್ಚಿಸಲು ಜರ್ಮನ್ನರ ಜೊತೆ ಸ್ಥಳೀಯ ಸಹಾಯಕ ಪೊಲೀಸರೂ ಇದ್ದರು. ಅಲ್ಲಿನ ರಾಷ್ಟ್ರವಾದಿಗಳಲ್ಲಿ ಕೆಲವರು ಮೊದಲು ಜರ್ಮನ್ನರ ಜೊತೆ ಕೈಜೋಡಿಸಿ, ಆಮೇಲೆ ಅವರ ಕೈಯಲ್ಲೇ ಸತ್ತವರು. ಅದಕ್ಕೇ 1992ರಲ್ಲಿ ನೆಟ್ಟ ಅವರ ಶಿಲುಬೆಯನ್ನು ನೋಡಿದರೆ ಕೆಲವು ಯಹೂದಿಗಳಿಗೆ ಸಂಕಟ ಆಗುತ್ತದೆ. ಅದು ಸಹಜ.

ಅದೇ ಊರಿನಲ್ಲಿ ಪೊದಿಲ್ ಅನ್ನುವ ಭಾಗದಲ್ಲಿ ಒಲೆಕ್ಸಿ ಹ್ಲಾಹೊಲ್ಯೆವ್ ಅನ್ನುವ ಪಾದ್ರಿ ಇದ್ದರು. ಕ್ರೈಸ್ತರು ಅಂತ ತೋರಿಸಿಕೊಳ್ಳಲು ಹಳೆಯ ದೀಕ್ಷಾಸ್ನಾನದ ಪತ್ರಗಳನ್ನು ಯಹೂದಿಗಳಿಗೆ ಕೊಟ್ಟು ಉಳಿಸಿದರು. ಅವರ ಹೆಂಡತಿ ತೆತ್ಯಾನಾ ತನ್ನ ಸ್ವಂತ ಪಾಸ್‌ಪೋರ್ಟನ್ನೇ ಒಬ್ಬ ಯಹೂದಿ ಹೆಂಗಸಿಗೆ ಕೊಟ್ಟರು. ಫೋಟೊ ಮಾತ್ರ ಬದಲಿಸಿದರು. ಗುರುತಿನ ಚೀಟಿ ಇಲ್ಲದೆ ಸಿಕ್ಕಿಬಿದ್ದರೆ ತನ್ನ ಪ್ರಾಣಕ್ಕೇ ಅಪಾಯ ಅಂತ ಗೊತ್ತಿದ್ದೂ ಕೊಟ್ಟರು. ಇಂಥವರ ಹೆಸರೂ ಆ ಜಾಗದಲ್ಲಿ ಕೇಳಿಸಬೇಕು.


ಕೆಂಗಲ್ ಕಲೆ ಬರೆದದ್ದು:

ಹೊಸ ಕಲಾಕೃತಿಗಳ ಬಗ್ಗೆ ಯಾರೂ ಬರೆಯಲಿಲ್ಲ! 2021ರಲ್ಲಿ ಮರೀನಾ ಅಬ್ರಮೊವಿಚ್ ಅನ್ನುವ ಕಲಾವಿದೆ ಅಲ್ಲಿ 40 ಮೀಟರ್ ಉದ್ದದ ಕಲ್ಲಿದ್ದಲ ಗೋಡೆ ಮಾಡಿದ್ದಾರೆ. ಅದರಲ್ಲಿ ಸ್ಫಟಿಕದ ತುಂಡುಗಳಿವೆ. ಜನ ಅದಕ್ಕೆ ತಲೆ, ಎದೆ, ಹೊಟ್ಟೆ ಒತ್ತಿ ನಿಲ್ಲಬಹುದು. ನೋಡಿದವರು ಯಾರಾದರೂ ಇದ್ದರೆ ಹೇಳಿ.


ವರದಾತೀರ ಬರೆದದ್ದು:

ನೋಡಿದ್ದೇನೆ. ಗೋಡೆಗಿಂತ ನನಗೆ ಮನಸ್ಸಿಗೆ ಹತ್ತಿರ ಆದದ್ದು ಅದೇ ವರ್ಷ ಮಾನುಯೆಲ್ ಹೆರ್ಜ್ ಅನ್ನುವ ವಾಸ್ತುಶಿಲ್ಪಿ ಕಟ್ಟಿದ ಮರದ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ. ಮುಚ್ಚಿದಾಗ ನಿಲ್ಲಿಸಿದ ದೊಡ್ಡ ಪುಸ್ತಕದಂತೆ ಚಪ್ಪಟೆ. ಜನ ಸೇರಿ ಕೈಯಿಂದಲೇ ತೆರೆಯಬೇಕು. ತೆರೆದರೆ ಒಳಗಿಂದ ಪೀಠ, ಬೆಂಚು, ಛಾವಣಿ ಎಲ್ಲ ಬಿಚ್ಚಿಕೊಳ್ಳುತ್ತವೆ. ಹಳೇ ಓಕ್ ಮರ ತಂದು ಮಾಡಿದ್ದಾರೆ. ಒಳಗೆಲ್ಲ ಬಣ್ಣದ ಹೂಬಳ್ಳಿ, ಪ್ರಾಣಿಗಳ ಚಿತ್ರ. ಪಶ್ಚಿಮ ಉಕ್ರೇನಿನಲ್ಲಿ ಹಿಂದೆ ಇದ್ದ ಮರದ ಸಿನಗಾಗ್‌ಗಳಲ್ಲಿ ಹೀಗೇ ಬಿಡಿಸುತ್ತಿದ್ದರಂತೆ, ಅವೆಲ್ಲ ಈಗ ಇಲ್ಲ. ಕೆಟ್ಟ ಕನಸನ್ನು ಒಳ್ಳೆ ಕನಸು ಮಾಡು ಅನ್ನುವ ಪ್ರಾರ್ಥನೆ ಬರೆದಿದ್ದಾರೆ. ಛಾವಣಿಯಲ್ಲಿ ನಕ್ಷತ್ರಗಳು. ಅವು 1941ರ ಸೆಪ್ಟೆಂಬರ್ 29ರ ರಾತ್ರಿ ಕೀವ್‌ನ ಆಕಾಶದಲ್ಲಿ ಇದ್ದ ಹಾಗೇ ಇವೆ.

ಕಡಲಕರೆ ಸರ್ ಸ್ಮಶಾನ ಅಂದರಲ್ಲ, ಆ ವಿಷಯ ಇಲ್ಲಿ ಬರುತ್ತದೆ. ಯಹೂದಿ ಧರ್ಮದಲ್ಲಿ ಹೂತವರನ್ನು ಕದಲಿಸಬಾರದು. ಅದಕ್ಕೆ ಈ ಕಟ್ಟಡಕ್ಕೆ ಆಳದ ಪಾಯ ತೋಡಿಲ್ಲ. ನೆಲದ ಮೇಲೆ ಮರದ ಹಲಗೆಯ ಕಟ್ಟೆ ಹಾಸಿ ಅದರ ಮೇಲೆ ನಿಲ್ಲಿಸಿದ್ದಾರೆ.

ಈ ಯೋಜನೆ ಎಲ್ಲರಿಗೂ ಒಪ್ಪಿಗೆ ಆಗಿರಲಿಲ್ಲ ಅನ್ನುವುದನ್ನೂ ಹೇಳುತ್ತೇನೆ. ದುಡ್ಡು ಕೊಟ್ಟವರಲ್ಲಿ ರಷ್ಯಾದಲ್ಲಿ ವ್ಯಾಪಾರ ಇದ್ದ ಭಾರಿ ಸಾಹುಕಾರರಿದ್ದರು. ಇಲ್ಲಿ ಸತ್ತವರ ಕಥೆಯನ್ನು ಮಾಸ್ಕೊ ಹೇಳಿದಂತೆ ಹೇಳಿಬಿಡುತ್ತಾರೆ ಅಂತ ಉಕ್ರೇನಿನ ಎಷ್ಟೋ ಇತಿಹಾಸಕಾರರು ಬಹಿರಂಗವಾಗಿ ವಿರೋಧಿಸಿದರು. ಆ ಭಯಕ್ಕೆ ಕಾರಣ ಇತ್ತು.


ರಾಣೆಬೆನ್ನೂರು ಹುಡುಗ ಬರೆದದ್ದು:

ಅಕ್ಕಾ, ನಾನು ಖಾರ್ಕಿವ್‌ನಲ್ಲಿ ಓದುತ್ತಿದ್ದೆ. 2022ರ ಮಾರ್ಚ್ 1 ನಮ್ಮ ಜಿಲ್ಲೆಯಲ್ಲಿ ಯಾರೂ ಮರೆಯುವುದಿಲ್ಲ. ಖಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಹಾವೇರಿ ಜಿಲ್ಲೆಯ ವಿದ್ಯಾರ್ಥಿ ತೀರಿಕೊಂಡ ದಿನ ಅದು. ಅದೇ ದಿನ ಸಂಜೆ ಕೀವ್‌ನಲ್ಲಿ ನೀವು ಹೇಳಿದ ಆ ಟಿವಿ ಟವರ್‌ಗೆ ರಷ್ಯಾದ ಕ್ಷಿಪಣಿ ಬಿತ್ತು. ಐದು ಜನ ಸತ್ತರು. ಬಾಬಿನ್ ಯಾರ್ ಜಾಗದಲ್ಲಿದ್ದ ಒಂದು ಹಳೇ ಕ್ರೀಡಾ ಕಟ್ಟಡ ಹೊತ್ತಿಕೊಂಡಿತು. ಅದನ್ನು ಮ್ಯೂಸಿಯಂ ಮಾಡಬೇಕು ಅಂತಿದ್ದರಂತೆ. ನಾವು ಬಂಕರ್‌ನಲ್ಲಿ ಕೂತು ಎರಡೂ ಸುದ್ದಿಯನ್ನು ಒಟ್ಟಿಗೆ ಓದಿದೆವು.

ಖಾರ್ಕಿವ್ ಹೊರಗೂ ಇಂಥದೇ ಕೊರಕಲು ಇದೆ, ದ್ರೊಬಿತ್ಸ್ಕಿ ಯಾರ್. 1941ರ ಕೊನೆಯಲ್ಲಿ ಖಾರ್ಕಿವ್‌ನ ಯಹೂದಿಗಳನ್ನು ಅಲ್ಲಿ ಕೊಂದರು. ಅಲ್ಲಿಯೂ ಒಂದು ದೊಡ್ಡ ಮೆನೋರಾ ಇದೆ. 2022ರ ಮಾರ್ಚ್ ಕೊನೆಯಲ್ಲಿ ಶೆಲ್ ತಾಗಿ ಅದರ ಕವಲುಗಳು ಮುರಿದವು. ನಾಜಿಗಳನ್ನು ಓಡಿಸಲು ಬಂದಿದ್ದೇವೆ ಅನ್ನುವವರು ಮಾಡಿದ ಕೆಲಸ ಇದು. ನನಗೆ ಇನ್ನೂ ಸಿಟ್ಟು ಇಳಿದಿಲ್ಲ.


ಶಾಲ್ಮಲಾ ಬರೆದದ್ದು:

ಟವರ್ ಸುದ್ದಿ ಆಗ ಓದಿದ್ದೆ. ಅದು ಈ ಜಾಗ ಅಂತ ನಮ್ಮ ಟಿವಿಗಳು ಹೇಳಿದ ನೆನಪಿಲ್ಲ.


ಕಡಲಕರೆ ಬರೆದದ್ದು:

ತಮ್ಮಾ, ನಿನ್ನ ಮಾತು ಓದಿ ಮನಸ್ಸು ಭಾರ ಆಯಿತು. ವರದಾತೀರ ಮೇಡಂ, ಕಾವಲು ಬೇಕು ಅನ್ನುವ ಮಾತನ್ನು ನಾನು ಬಿಡುವುದಿಲ್ಲ. ಆದರೆ ಒಂದು ಕೇಳಬೇಕು. ಮುಂದೆ ಯಾವತ್ತಾದರೂ ಶಾಂತಿ ಆಗಿ ನಾನು ಅಲ್ಲಿಗೆ ಹೋದರೆ, ಹೇಗೆ ನಡೆದುಕೊಳ್ಳಬೇಕು? ನಾವು ಹೂವಿನ ಹಾರ ಹಾಕುವವರು. ಅವರಿಗೆ ಅದು ಸರಿಬರುತ್ತದಾ?


ವರದಾತೀರ ಬರೆದದ್ದು:

ಹೂ ಇಟ್ಟರೆ ಯಾರೂ ಬೇಡ ಅನ್ನುವುದಿಲ್ಲ, ಅಲ್ಲಿನವರೂ ಇಡುತ್ತಾರೆ. ಮೆನೋರಾ ಹತ್ತಿರ ಒಂದು ಕಲ್ಲು ಇಡಿ, ಸಾಕು. ಯಾರಾದರೂ ಪ್ರಾರ್ಥನೆ ಮಾಡುತ್ತಿದ್ದರೆ ಫೋಟೊ ತೆಗೆಯಬೇಡಿ. ಸಿನಗಾಗ್ ಒಳಗೆ ಗಂಡಸರು ತಲೆ ಮುಚ್ಚಿಕೊಳ್ಳಬೇಕು. ಮೆಟ್ರೊ ಹತ್ತಿರದ ಮಕ್ಕಳ ಸ್ಮಾರಕದಿಂದ ಶುರು ಮಾಡಿ, ಕೊರಕಲು ಇನ್ನೂ ಸ್ವಲ್ಪ ಉಳಿದಿರುವ ಕಡೆ ನಡೆದು ಹೋಗಿ. ದಾರಿಯಲ್ಲಿ ಮಕ್ಕಳು ಸೈಕಲ್ ಹೊಡೆಯುತ್ತಿರುತ್ತಾರೆ. ಬೇಜಾರು ಮಾಡಿಕೊಳ್ಳಬೇಡಿ ಸರ್.


ಇತಿಹಾಸ ಮೇಷ್ಟ್ರು ಬರೆದದ್ದು:

ಮೇಡಂ, ಹತ್ತನೇ ತರಗತಿಗೆ ಎರಡನೇ ಮಹಾಯುದ್ಧದ ಪಾಠ ಇದೆ. ಹಿಟ್ಲರ್ ಬಗ್ಗೆ ಎರಡು ಅಂಕದ ಪ್ರಶ್ನೆ ಬರುತ್ತದೆ, ಮಕ್ಕಳು ಬಾಯಿಪಾಠ ಮಾಡಿ ಬರೆಯುತ್ತಾರೆ. ನೀವು ಒಂದು ದಿನ ಆನ್‌ಲೈನ್‌ನಲ್ಲಿ ನಮ್ಮ ಮಕ್ಕಳ ಹತ್ತಿರ ಮಾತಾಡಲು ಆಗುತ್ತದಾ? ನಮ್ಮದು ಸರ್ಕಾರಿ ಶಾಲೆ, ಪ್ರೊಜೆಕ್ಟರ್ ಇದೆ. ರಾಣೆಬೆನ್ನೂರು ಹುಡುಗ ಹತ್ತಿರದವನೇ ಆದರೆ ಅವನೂ ಬರಲಿ.


ವರದಾತೀರ ಬರೆದದ್ದು:

ಖಂಡಿತ ಮೇಷ್ಟ್ರೇ. ಸೆಪ್ಟೆಂಬರ್ 29ಕ್ಕೇ ಇಟ್ಟುಕೊಳ್ಳೋಣ. ಹೆಣಗಳ ಫೋಟೊ ತೋರಿಸುವುದು ಬೇಡ, ಆ ವಯಸ್ಸಿನವರಿಗೆ ಅದೊಂದೇ ತಲೆಯಲ್ಲಿ ಉಳಿಯುತ್ತದೆ. ಆ ನೋಟಿಸ್‌ನ ಚಿತ್ರ ಮತ್ತು ಪಾರ್ಕಿನ ಈಗಿನ ನಕ್ಷೆ ಕಳಿಸುತ್ತೇನೆ. ನೋಟಿಸ್‌ನಲ್ಲಿ ಏನೇನು ತರಲು ಹೇಳಿದ್ದರು ಅಂತ ಮಕ್ಕಳೇ ಬೋರ್ಡಿನ ಮೇಲೆ ಬರೆಯಲಿ. ಅಲ್ಲಿಂದ ಶುರು ಮಾಡುತ್ತೇನೆ. ಮಧ್ಯಾಹ್ನ ನನಗೆ ಓಪಿಡಿ ಇರುತ್ತದೆ, ಮೂರು ಗಂಟೆ ಮೇಲೆ ಆದರೆ ಆರಾಮಾಗಿ ಮಾತಾಡಬಹುದು.


ರಾಣೆಬೆನ್ನೂರು ಹುಡುಗ ಬರೆದದ್ದು:

ಶಾಲೆ ಎಲ್ಲಿ ಅಂತ ಮೆಸೇಜ್ ಮಾಡಿ ಮೇಷ್ಟ್ರೇ, ನಾನು ಖುದ್ದಾಗಿ ಬರುತ್ತೇನೆ.